ಹೊಗೆ ಪೆಟ್ಟಿಗೆ ಮತ್ತು ಅಕ್ಕನ ಕೈ

ಮಾಂಸ ಕರಿಯುವ, ಬೇಯಿಸುವ ಸಾಮಾನು ಮಾರಲು ನಿಂತವರು ಗಿರಾಕಿಯ ಹತ್ತಿರ ಮೊದಲು ಕೇಳಬೇಕಾದದ್ದು ಮನೆಯಲ್ಲಿ ಎಷ್ಟು ಜನ ಎಂದಲ್ಲ, ಪಾತ್ರೆ ತೊಳೆಯುವುದು ಯಾರು ಎಂದು. ಗಂಡಸು ಒಬ್ಬನೇ ಬಂದು, ದೊಡ್ಡದೊಂದು ಕರಿಯುವ ಯಂತ್ರದ ಎದುರು ನಿಂತು, ಅದರ ಗುಂಡಿಗಳನ್ನೆಲ್ಲ ತಿರುಗಿಸಿ ನೋಡಿ, ತೊಳೆಯುವುದನ್ನೆಲ್ಲ ಮನೆಯವಳು ನೋಡಿಕೊಳ್ಳುತ್ತಾಳೆ ಎಂದನೋ, ಆ ಸಾಮಾನು ಎರಡು ಭಾನುವಾರ ಕಳೆಯುವಷ್ಟರಲ್ಲಿ ಮಂಚದ ಅಡಿ ಸೇರುತ್ತದೆ. ಅಂಥವರಿಗೆ ನಾನು, ಒಮ್ಮೆ ಅವರನ್ನೂ ಕರೆದುಕೊಂಡು ಬನ್ನಿ ಎನ್ನುತ್ತಿದ್ದೆ. ಅರ್ಧ ಜನ ಮತ್ತೆ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ಜೋಡಿಯಾಗಿ ಬಂದವರು ಕೊಂಡದ್ದು ಮಾತ್ರ ವಾಪಸು ಬರುತ್ತಿರಲಿಲ್ಲ.

ಪುತ್ತೂರಿನ ದರ್ಬೆಯಲ್ಲಿ ಒಂದು ಪಾತ್ರೆ ಅಂಗಡಿಯಲ್ಲಿ ಮೂವತ್ತನಾಲ್ಕು ವರ್ಷ ನಿಂತವನು ನಾನು. ನಿಂತವನು ಎನ್ನಲು ಕಾರಣ, ಅಲ್ಲಿ ಕುರ್ಚಿ ಇದ್ದದ್ದು ಧಣಿಗೆ ಮತ್ತು ಬಸುರಿ ಗಿರಾಕಿಗಳಿಗೆ ಮಾತ್ರ. ಓದಿದ್ದು ಏಳನೇ ಕ್ಲಾಸು. ಬರೆದು ಅಭ್ಯಾಸ ಇರುವುದು ಬಿಲ್ಲಿನ ಹಾಳೆಯಲ್ಲಿ. ಕಳೆದ ವರ್ಷ ಕೆಲಸ ಬಿಟ್ಟೆ. ಆದರೂ ವಾರಕ್ಕೊಮ್ಮೆ ಚಹಾ ಕುಡಿಯುವ ನೆಪದಲ್ಲಿ ಅಲ್ಲಿಗೆ ಹೋಗುತ್ತೇನೆ. ಈಗ ಕೌಂಟರ್ ನೋಡಿಕೊಳ್ಳುವ ಸೌಮ್ಯ, ಬಿ.ಕಾಂ. ಮಾಡಿದ ಹುಡುಗಿ, ಹೊಸದಾಗಿ ಸೇರುವವರಿಗೆ ಉಪಯೋಗ ಆಗುತ್ತದೆ, ನಿಮಗೆ ಗೊತ್ತಿರುವುದನ್ನು ಬರೆಯಿರಿ ಎಂದು ಒಂದು ನೋಟುಪುಸ್ತಕ ಕೊಟ್ಟಳು. ಬರೆಯುತ್ತಿದ್ದೇನೆ. ಪಾತ್ರೆ ತೋರಿಸುವಾಗ ನೆಗ್ಗಿದ ಬದಿಯನ್ನು ಗೋಡೆಗೆ ತಿರುಗಿಸಿ ಇಡುವ ಕೆಲಸವನ್ನು ನಾನೂ ಮಾಡಿದ್ದೇನೆ. ಇಲ್ಲಿ ಹಾಗೆ ಮಾಡುವುದಿಲ್ಲ. ನನ್ನ ಅಕ್ಕನಿಗೆ ನಾನು ಮಾಡಿದ ಒಂದು ಕೆಟ್ಟ ಕೆಲಸವೂ ಇದರಲ್ಲಿ ಬರುತ್ತದೆ. ನಮ್ಮ ಮನೆಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಅಕ್ಕನ ಮಾತನ್ನೂ ಅಂಗಡಿಯ ಕನ್ನಡದಲ್ಲೇ ಬರೆದಿದ್ದೇನೆ.

ಮೊದಲು ನಮ್ಮ ಧಣಿಯ ವಿಷಯ. ಧಣಿ ಭಟ್ಟರು ಬೆಳ್ಳುಳ್ಳಿಯನ್ನೂ ಮುಟ್ಟದವರು. ಆದರೆ ಅವರ ಅಂಗಡಿಯಿಂದ ಹೆಚ್ಚು ಹೋಗುತ್ತಿದ್ದದ್ದು ಕೋಳಿ, ಹಂದಿ, ಮೀನು ಬೇಯುವ ಪಾತ್ರೆಗಳೇ. ಕಬ್ಬಿಣದ ಬಾಣಲೆಯನ್ನು ಕೈಯಲ್ಲಿ ತೂಗಿ, ಬೆರಳ ಗೆಣ್ಣಿನಿಂದ ಬಡಿದು, ಇದರಲ್ಲಿ ಕೋಳಿ ಒಳ್ಳೆ ಹೊಂಬಣ್ಣಕ್ಕೆ ಬರುತ್ತದೆ ಎಂದು ಅವರು ಹೇಳುವುದನ್ನು ಕೇಳಿದರೆ, ಬೆಳಿಗ್ಗೆ ನಾಲ್ಕು ತುಂಡು ತಿಂದೇ ಬಂದಿದ್ದಾರೆ ಎನಿಸಬೇಕು. ಸೇರಿದ ಹೊಸದರಲ್ಲಿ, ನಿಮಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದ್ದೆ.

"ನಾನು ಮಾಂಸ ತಿಂದಿಲ್ಲ ಕುಶಾಲಪ್ಪ," ಎಂದರು ಅವರು. "ತಿಂದವರ ಬೈಗಳು ತಿಂದಿದ್ದೇನೆ."

ಅವರು ಕಲಿಸಿದ ಒಂದು ಪಾಠವನ್ನು ಈಗಲೂ ಎಲ್ಲ ಅಂಗಡಿಗಳ ಗೋಡೆಯ ಮೇಲೆ ಬರೆಯಬಹುದು. ಯಾವ ಸಾಮಾನನ್ನೂ ಕೆಟ್ಟದು ಎನ್ನಬಾರದು, ಇದು ನಿಮ್ಮ ಮನೆಗಲ್ಲ ಎನ್ನಬೇಕು. ಕೆಟ್ಟ ಸಾಮಾನು ಎಂಬುದು ಕಡಿಮೆ, ತಪ್ಪು ಮನೆಗೆ ಹೋದ ಸಾಮಾನು ಜಾಸ್ತಿ ಎಂಬುದು ಅವರ ಲೆಕ್ಕ.

ನನ್ನ ಮೊದಲನೆಯ ಎಡವಟ್ಟು ಅಂಥದ್ದೇ. ಉಪ್ಪಿನಂಗಡಿಯಿಂದ ಬಂದ ಒಬ್ಬ ಹೆಂಗಸು ಕೋಳಿ ಕರಿಯಲು ಬಾಣಲೆ ಕೇಳಿದರು. ನಾನು ಅಗಲವಾದದ್ದು, ತೆಳ್ಳಗಿನದ್ದು, ಕನ್ನಡಿಯಂತೆ ಹೊಳೆಯುವುದನ್ನು ಆರಿಸಿ ಕೊಟ್ಟೆ. ಒಮ್ಮೆಗೆ ಹನ್ನೆರಡು ತುಂಡು ಹಾಕಬಹುದು ಎಂದೂ ಸೇರಿಸಿದೆ. ಅವರು ನನ್ನ ಮಾತು ನಂಬಿ ಹನ್ನೆರಡನ್ನೂ ಒಟ್ಟಿಗೆ ಹಾಕಿದರು. ಮಸಾಲೆಯ ನೀರು ಬಿದ್ದ ಎಣ್ಣೆ ಉಕ್ಕಿ ಒಲೆಯನ್ನು ಆರಿಸಿ, ಕಟ್ಟೆಯಿಂದ ಇಳಿದು, ಅವರ ಅತ್ತೆ ಕೂತಿದ್ದ ಮಣೆಯವರೆಗೆ ಹರಿಯಿತಂತೆ. ಪುಣ್ಯಕ್ಕೆ ಅತ್ತೆ ಆಗಷ್ಟೇ ಎದ್ದಿದ್ದರು. ಮರುದಿನ ಆ ಹೆಂಗಸು ಬಾಣಲೆಯನ್ನು ನನ್ನ ಎದುರು ಇಟ್ಟು, ಒಂದು ಸಲ ನೀವೇ ಕರಿದು ತೋರಿಸಿ ಎಂದರು. ಭಟ್ಟರು ನಗಲಿಲ್ಲ. ದಪ್ಪ ತಳದ, ಆಳವಾದ ಕಬ್ಬಿಣದ ಬಾಣಲೆಯೊಂದನ್ನು ನನ್ನ ಕೈಗೆ ಕೊಟ್ಟು, ಅವರ ಜೊತೆ ಅದೇ ಬಸ್ಸಿನಲ್ಲಿ ಕಳಿಸಿದರು. ನಾನು ಅವರ ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತೆ. ಅವರು ನಾಲ್ಕು ನಾಲ್ಕೇ ತುಂಡು ಹಾಕಿ ಕರಿದರು. ಅತ್ತೆ ನನಗೂ ಒಂದು ತಟ್ಟೆ ಕೊಟ್ಟರು. ಕರಿಯಲು ಬೇಕಾದದ್ದು ಅಗಲವಲ್ಲ, ಆಳ ಎಂದು ನಾನು ಕಲಿತದ್ದು ಹಾಗೆ, ತಿಂದುಕೊಂಡು. ಎಣ್ಣೆ ಅರ್ಧಕ್ಕಿಂತ ಮೇಲೆ ಬರಬಾರದು. ತಳ ತೆಳ್ಳಗಿದ್ದರೆ ತಣ್ಣನೆಯ ಮಾಂಸ ಬಿದ್ದ ಕೂಡಲೇ ಎಣ್ಣೆಯ ಬಿಸಿ ಇಳಿಯುತ್ತದೆ, ಬಿಸಿ ಇಳಿದರೆ ಮಾಂಸ ಎಣ್ಣೆ ಕುಡಿಯುತ್ತದೆ. ಸಂಜೆ ಅಂಗಡಿಗೆ ಮರಳಿದಾಗ ಭಟ್ಟರು ನನ್ನ ಬಾಯಿ ನೋಡಿ, ತಪ್ಪು ಮಾಡಿದವನಿಗೆ ಊಟ ಹಾಕುವ ಊರು ಇದೊಂದೇ ಇರಬೇಕು ಎಂದರು.

ನಿಧಾನಕ್ಕೆ ಬೇಯಿಸುವ ಕರೆಂಟಿನ ಪಾತ್ರೆ ಬಂದ ಮೇಲೆ ಕಡಬದ ವರ್ಗೀಸ್ ಚೇಟ ಎಂಬ ರಬ್ಬರ್ ತೋಟದವರು ಒಂದು ತೆಗೆದುಕೊಂಡು ಹೋದರು. ಹಬ್ಬಕ್ಕೆ ಬಾತುಕೋಳಿ ಬೇಯಿಸಲು. ಹತ್ತು ದಿನದಲ್ಲಿ ಪಾತ್ರೆಯನ್ನು ಗೋಣಿಯಲ್ಲಿ ಸುತ್ತಿ ತಂದರು. ಇದು ಬೇಯಿಸುವುದಲ್ಲ, ಬರೀ ಕೂರಿಸುವುದು, ಎಂಟು ಗಂಟೆಯಾದರೂ ಬಾತುಕೋಳಿ ಹಾರಿ ಹೋಗುವ ಸ್ಥಿತಿಯಲ್ಲಿತ್ತು ಎಂಬುದು ಅವರ ದೂರು. ನಾನು ಪಾತ್ರೆಯನ್ನು ಬಿಚ್ಚಲೇ ಇಲ್ಲ. ಮುಚ್ಚಳ ಎಷ್ಟು ಸಲ ತೆಗೆದಿರಿ ಎಂದು ಕೇಳಿದೆ.

"ಕಾಲು ಗಂಟೆಗೊಮ್ಮೆ," ಎಂದರು. "ನೋಡದಿದ್ರೆ ಬೆಂದದ್ದು ಹೇಗೆ ಗೊತ್ತಾಗುದು ಮಾರಾಯ್ರೆ?"

ಮುಚ್ಚಳಕ್ಕೆ ಒಂದು ದಾರ ಕಟ್ಟಿ, ಗಂಟು ಮಾತ್ರ ನಿಮ್ಮ ಹೆಂಡತಿ ಹಾಕಲಿ ಎಂದು ಹೇಳಿ ಕಳಿಸಿದೆ. ಮುಂದಿನ ತಿಂಗಳು ದರ್ಬೆಗೆ ಬಂದವರು ಎಲುಬು ತಾನಾಗಿ ಬಿಟ್ಟಿತು ಎಂದು ಒಪ್ಪಿಕೊಂಡರು. ದಾರ ಬಿಚ್ಚಿದ್ದು ಒಂದೇ ಸಲವಂತೆ, ಆಕೆ ಚರ್ಚಿಗೆ ಹೋದಾಗ. ನಿಧಾನದ ಪಾತ್ರೆಯನ್ನು ಅವಸರದ ಮನುಷ್ಯನಿಗೆ ಮಾರಬೇಡಿ. ಮಾರುವುದಾದರೆ ದಾರವನ್ನೂ ಕೊಡಿ.

ಆಮೇಲೆ ಎಣ್ಣೆಯಿಲ್ಲದೆ ಬಿಸಿಗಾಳಿಯಲ್ಲಿ ಕರಿಯುವ ಏರ್ ಫ್ರೈಯರ್ ಕಾಲ ಬಂತು. ಡಾಕ್ಟರು ಎಣ್ಣೆ ಬಿಡಿ ಎಂದವರೆಲ್ಲ ನಮ್ಮಲ್ಲಿಗೆ ಬಂದರು. ನಿವೃತ್ತ ಹೆಡ್‌ಮಾಸ್ತರರೊಬ್ಬರು ಅದರ ಬುಟ್ಟಿಗೆ ಒಂದು ಲೋಟ ತೆಂಗಿನೆಣ್ಣೆ ಸುರಿದು ಹೊಗೆ ಎಬ್ಬಿಸಿ, ಎಣ್ಣೆ ಹಾಕಬೇಡಿ ಎಂದು ಎಲ್ಲಿಯೂ ಬರೆದಿಲ್ಲ ಎಂದು ನನಗೇ ಪಾಠ ಮಾಡಿದರು. ಎಣ್ಣೆ ಇಲ್ಲದೆ ಕರಿಯುವುದು ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಇತ್ತು. ಅದು ಜಾಹೀರಾತು, ಸೂಚನೆ ಅಲ್ಲ ಎಂಬುದು ಅವರ ವಾದ. ಆ ಯಂತ್ರದಲ್ಲಿ ಒಣಗಿದ ಮಸಾಲೆ ಹಚ್ಚಿದ ತುಂಡು ಚೆನ್ನಾಗಿ ಬರುತ್ತದೆ, ನಮ್ಮ ಕಡೆಯ ನೀರು ಮಸಾಲೆ ಬರುವುದಿಲ್ಲ. ಅಷ್ಟನ್ನು ಮಾರುವ ಮೊದಲೇ ಹೇಳಿದರೆ ಹೆಡ್‌ಮಾಸ್ತರರಿಂದ ಪಾಠ ಹೇಳಿಸಿಕೊಳ್ಳುವುದು ತಪ್ಪುತ್ತದೆ.

ಅಷ್ಟರಲ್ಲಿ ವ್ಯಾಪಾರದ ರೀತಿಯೇ ಬದಲಾಯಿತು. ಜನ ನಮ್ಮಲ್ಲಿ ಬಂದು ಸಾಮಾನನ್ನು ಎತ್ತಿ, ಬಡಿದು, ಮೂಸಿ ನೋಡಿ, ಮೊಬೈಲಿನಲ್ಲಿ ತರಿಸಿಕೊಂಡರು. ತರಿಸಿದ ಮೇಲೆ ಅದನ್ನು ಹೇಗೆ ಬಳಸುವುದು ಎಂದು ಕೇಳಲು ಪುನಃ ನಮ್ಮಲ್ಲಿಗೇ ಬಂದರು. ಭಟ್ಟರ ಮಗ, ನಾವು ಸಣ್ಣ ಧಣಿ ಎನ್ನುತ್ತಿದ್ದವರು, ಎಲ್ಲಿಯೂ ಸಿಗದ ಸಾಮಾನು ಇಡಬೇಕು ಎಂದು ಹೊರಟರು. ಹಾಗೆ ಬಂದದ್ದು ಹೊಗೆ ಪೆಟ್ಟಿಗೆ.

ನೋಡಲು ಅದು ಸಣ್ಣ ಬೀರು. ಕಪ್ಪು ತಗಡು, ಮುಂದೆ ಬಾಗಿಲು, ಬಾಗಿಲಲ್ಲಿ ಗಡಿಯಾರದಂತೆ ಬಿಸಿ ತೋರಿಸುವ ಮುಳ್ಳು. ಕೆಳಗಿನ ತಟ್ಟೆಗೆ ಮರದ ಚಕ್ಕೆ ಹಾಕಿ, ಕರೆಂಟು ಕೊಟ್ಟು, ಮೇಲಿನ ಸರಳುಗಳಿಗೆ ಮಾಂಸ ತೂಗುಹಾಕುವುದು. ನಾಲ್ಕು ಗಂಟೆಯಲ್ಲಿ ಹೊಗೆ ಹಿಡಿದ ಮಾಂಸ ತಯಾರು. ಒಂದೇ ಒಂದು ತರಿಸಿದ್ದರು. ಅದು ಎರಡು ವರ್ಷ ಅಂಗಡಿಯ ಮೂಲೆಯಲ್ಲಿ ನಿಂತಿತು. ನಾನು ಯಾರ್ಯಾರಿಗೋ ತೋರಿಸಿದೆ. ಬ್ಯಾಂಕಿನ ಮ್ಯಾನೇಜರರೊಬ್ಬರು ಇದರಲ್ಲಿ ಫೈಲು ಇಡಬಹುದಾ ಎಂದು ಕೇಳಿದರು. ಸಣ್ಣ ಧಣಿಗೆ ಒಂದು ಚಾಳಿ, ದಿನಾ ಬಾಗಿಲು ಹಾಕುವಾಗ ಪೆಟ್ಟಿಗೆಯ ತಲೆ ಸವರಿ, "ಕುಶಾಲಪ್ಪಣ್ಣನಿಗೆ ಮಾರ್ಲಿಕ್ಕೆ ಆಗದ್ದು ಇದೊಂದೇ" ಎನ್ನುವುದು. ತಮಾಷೆಯೇ. ಆದರೆ ಮೂವತ್ತು ವರ್ಷ ಕೈಬಾಯಿ ನಂಬಿ ಬದುಕಿದವನಿಗೆ ಅದು ಚಪ್ಪಲಿಯೊಳಗಿನ ಕಲ್ಲಿನಂತೆ ಆಯಿತು.

ಈಗ ಅಕ್ಕನ ವಿಷಯ. ಲೀಲಕ್ಕ ನನಗಿಂತ ಐದು ವರ್ಷ ದೊಡ್ಡವಳು. ಅಮ್ಮ ಬೇಗ ಹೋದದ್ದರಿಂದ ನನಗೆ ಉಣ್ಣಿಸಿ ಬೆಳೆಸಿದ್ದು ಅವಳು. ನಾನು ಏಳನೇ ಕ್ಲಾಸು ಮುಟ್ಟಿದ್ದೇ ಅವಳು ಮೂರಕ್ಕೆ ಬಿಟ್ಟದ್ದರಿಂದ. ಮದುವೆಯಾಗಿ ಪಂಜದ ಹತ್ತಿರ ಇದ್ದಾಳೆ. ಭಾವ ಈಗಿಲ್ಲ. ಮಗ ಜಯಂತ, ಸೊಸೆ ಹೇಮಾ ಜೊತೆಗಿದ್ದಾರೆ.

ಅಕ್ಕನ ಹೊಗೆ ಮಾಂಸ ನಮ್ಮ ನೆಂಟರಲ್ಲಿ ಹೆಸರು ಹೊತ್ತದ್ದು. ಬೇಸಿಗೆಯಲ್ಲಿ ಹಂದಿ ಮಾಂಸವನ್ನು ಗೇಣುದ್ದಕ್ಕೆ ಸೀಳಿ, ಉಪ್ಪು ಅರಸಿನ ತಿಕ್ಕಿ, ಒಂದು ದಿನ ಕಲ್ಲಿನ ಅಡಿ ಇಟ್ಟು ನೀರು ಇಳಿಸುವಳು. ಆಮೇಲೆ ಸರಿಗೆ ತಂತಿಗೆ ಪೋಣಿಸಿ ಒಲೆಯ ಮೇಲೆ ಕಟ್ಟುವಳು. ಬೇರೆ ಬೆಂಕಿ ಇಲ್ಲ. ದಿನದ ಅನ್ನ, ಸಾರು, ಹಂಡೆಯ ನೀರಿಗೆ ಉರಿಸುವ ಸೌದೆಯ ಹೊಗೆಯೇ ಮೂರು ವಾರ ಅದಕ್ಕೆ ತಾಗಬೇಕು. ಕತ್ತಿಯ ಹಿಡಿಯಿಂದ ಬಡಿದರೆ ಮರದಂತೆ ಟಕ್ ಎನ್ನುವವರೆಗೆ ಇಳಿಸಳು. ಆಮೇಲೆ ಭರಣಿಗೆ. ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಕೊಂಡ ಹಿರಿಯರಿಗೆ ಎಡೆ ಬಡಿಸುವ ದಿನ, ಅಪ್ಪನಿಗೆ ಇಷ್ಟದ್ದೆಂದು ಅದನ್ನು ಬಿಸಿನೀರಲ್ಲಿ ನೆನೆಸಿ, ಜಜ್ಜಿ, ಜೀರಿಗೆ ಮೆಣಸು ಹಾಕಿ ಮಾಡುವಳು. ಮೊದಲು ಒಳಗೆ ಹಿರಿಯರಿಗೆ ಹಾಕಿದ ಎಲೆಗೆ, ಆಮೇಲೆ ನಮ್ಮೆಲ್ಲರ ಎಲೆಗೆ. ಸುಳ್ಯದಿಂದ, ಕಡಬದಿಂದ ನೆಂಟರು ಬರುತ್ತಿದ್ದದ್ದು ಹಿರಿಯರ ಮೇಲಿನ ಭಕ್ತಿಯಿಂದ ಎಂದು ನಾವೆಲ್ಲ ಹೇಳಿಕೊಳ್ಳುತ್ತಿದ್ದೆವು.

ಜಯಂತ ಅಡುಗೆಮನೆ ಹೊಸತು ಮಾಡಿಸುವಾಗ ನೆಲಕ್ಕೆ ಟೈಲ್ಸ್, ಗ್ಯಾಸಿಗೆ ಕಟ್ಟೆ, ಎಲ್ಲ ನಿಶ್ಚಯವಾಯಿತು. ಅಕ್ಕ ಕೇಳಿದ್ದು ಒಂದೇ, ಹಿಂದಿನ ಚಾವಡಿಯಲ್ಲಿ ಹಳೆಯ ಒಲೆ ಇರಲಿ ಎಂದು. ಜಯಂತನೂ ಒಪ್ಪಿದ್ದ. ಆ ದಿನ ನಾನು ಅಲ್ಲಿದ್ದೆ. ನನ್ನ ಕಣ್ಣಿಗೆ ಕಂಡದ್ದು ಪೆಟ್ಟಿಗೆ ನಿಂತಿದ್ದ ಅಂಗಡಿಯ ಮೂಲೆ. ಒಲೆ ಯಾಕೆ ಅಕ್ಕ, ಹೊಗೆಗೆ ನಿನ್ನ ಕಣ್ಣು ಹಾಳಾಗುವುದು ಬೇಡ, ನಾನೊಂದು ಯಂತ್ರ ಆರಿಸಿ ಇಟ್ಟಿದ್ದೇನೆ, ನಿನಗೇ ಎಂದು, ಎಂದುಬಿಟ್ಟೆ. ಆರಿಸಿದವರು ಯಾರು, ಯಾರಿಗೆ ಎಂಬುದು ನಿಮಗೆ ಈಗ ಗೊತ್ತು. ಅಕ್ಕನ ಮುಖ ಅರಳಿದ್ದು ನೋಡಿ ನನಗೂ ಒಂದು ಗಳಿಗೆ ಅದು ನಿಜವೇ ಎನಿಸಿತು. ಒಲೆ ಕಿತ್ತರು.

ಪೆಟ್ಟಿಗೆ ಕಳಿಸುವ ದಿನ ಅದರೊಳಗಿನ ಇಂಗ್ಲಿಷ್ ಪುಸ್ತಕವನ್ನು ಸೌಮ್ಯಳಿಂದ ಓದಿಸಿದೆ. ಅವಳು ಪುಟ ತಿರುವಿ, "ಅಣ್ಣ, ಇದರಲ್ಲಿ ಮಾಡಿದ್ದು ಇಟ್ಕೊಳ್ಲಿಕ್ಕೆ ಅಲ್ಲ. ಎರಡು ಮೂರು ದಿನದಲ್ಲಿ ತಿನ್ಬೇಕು, ಅದೂ ಫ್ರಿಜ್ಜಿನಲ್ಲಿ ಇಟ್ರೆ" ಎಂದಳು. ವ್ಯತ್ಯಾಸ ನನಗೆ ಆ ಕ್ಷಣವೇ ತಿಳಿಯಿತು. ಪೆಟ್ಟಿಗೆ ಮಾಂಸವನ್ನು ಬೇಯಿಸಿ ಹೊಗೆಯ ರುಚಿ ಹಿಡಿಸುತ್ತದೆ. ಅಕ್ಕನ ಒಲೆ ಬೇಯಿಸದೆ ಒಣಗಿಸುತ್ತಿತ್ತು. ಎರಡೂ ಹೊಗೆಯೇ, ಕೆಲಸ ಬೇರೆ. ಬೇರೆ ಯಾವ ಗಿರಾಕಿಯಾಗಿದ್ದರೂ, ಇದು ನಿಮ್ಮ ಮನೆಗಲ್ಲ ಎನ್ನುತ್ತಿದ್ದೆ. ಆದರೆ ಒಲೆ ಕಿತ್ತಾಗಿತ್ತು, ಜೀಪು ಬಂದಾಗಿತ್ತು, ಸಣ್ಣ ಧಣಿ ಬಂದು ಕೈಕುಲುಕಿ, ಸೋತೆ ಮಾರಾಯ್ರೆ ಎಂದಾಗಿತ್ತು. ಅಕ್ಕನಿಗೆ ಆಮೇಲೆ ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡೆ.

ಹೇಳಲಿಲ್ಲ. ಅವಳೇ ಫೋನು ಮಾಡಿದಾಗಲೂ ಹೇಳಲಿಲ್ಲ. ಮೊದಲ ಸಲ ಪೆಟ್ಟಿಗೆಯಿಂದ ಇಳಿಸಿದ ದಿನ, ಬಣ್ಣ ಚೆಂದ ಬಂದಿದೆ, ಆದರೆ ಒತ್ತಿದರೆ ಒಳಗೆ ಮೆದು ಉಂಟಲ್ಲ, ಇನ್ನೂ ಬಿಸಿಲಿಗೆ ಹಾಕಲಾ ಎಂದು ಕೇಳಿದಳು. ಅವಳ ಬೆರಳಿಗೆ ಗೊತ್ತಾಗಿತ್ತು. ನಾನು ಅಂಗಡಿಯ ದನಿಯಲ್ಲಿ, "ಯಂತ್ರದ್ದು ಹಾಗೇ ಅಕ್ಕ. ನೀನು ಹಳೇ ಲೆಕ್ಕ ಬಿಡು" ಎಂದೆ. ಅವಳು ಬಿಟ್ಟಳು. ಒಂದಿಷ್ಟು ಆಗಲೇ ತಿಂದು, ಆಟಿಗೆಂದು ಉಳಿದದ್ದನ್ನು ಎಂದಿನಂತೆ ಭರಣಿಗೆ ತುಂಬಿ ಬಾಯಿ ಕಟ್ಟಿಟ್ಟಳು.

ಆಟಿಯಲ್ಲಿ ನೆಂಟರೆಲ್ಲ ಸೇರಿದ ದಿನ ಭರಣಿ ಬಿಚ್ಚಿದರು. ವಾಸನೆ ಹೊರಗಿನ ಜಗಲಿಯವರೆಗೆ ಬಂತು. ಯಾರೂ ಮೂಗು ಮುಚ್ಚಲಿಲ್ಲ. ನಮ್ಮವರು ಮರ್ಯಾದಸ್ಥರು. ಅಕ್ಕ ಭರಣಿಯನ್ನು ಎತ್ತಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಗುಂಡಿ ತೋಡಿಸಿ ಹೂತು ಬಂದಳು. ಕೈ ತೊಳೆದು, ಜಗಲಿಯಲ್ಲಿ ಎಲ್ಲರ ಎದುರು ನಿಂತಳು.

"ಯಂತ್ರ ಒಳ್ಳೇದೇ. ತಮ್ಮ ಆರಿಸಿ ಕೊಟ್ಟದ್ದು," ಎಂದಳು. "ನನ್ನ ಕೈ ಕೆಟ್ಟಿತು. ಇನ್ನು ಇದನ್ನು ನನ್ನತ್ರ ಕೇಳ್ಬೇಡಿ."

ನಾನು ಬೆಂಚಿನಲ್ಲಿ ಕೂತಿದ್ದೆ. ಅವಳ ಕಣ್ಣು ನನ್ನ ಕಡೆ ಬಂತು, ನಾನು ಏನಾದರೂ ಹೇಳುತ್ತೇನೆ ಎಂಬಂತೆ. ಹೇಳಿದೆ. ಪರವಾಗಿಲ್ಲ ಅಕ್ಕ, ಕೋಳಿ ಉಂಟಲ್ಲ, ಎಂದೆ. ಮೂವತ್ತು ವರ್ಷ ಮಾತು ಮಾರಿದವನ ಬಾಯಿಂದ ಆ ಹೊತ್ತಿಗೆ ಬಂದದ್ದು ಅಷ್ಟು.

ಅದಾದ ಮೇಲೆ ಎರಡು ಆಟಿಗಳು ಕೋಳಿಯಲ್ಲೇ ಕಳೆದವು. ವಿಚಿತ್ರವೆಂದರೆ, ಆ ವರ್ಷಗಳಲ್ಲಿ ನಾನು ಅಂಗಡಿಯಲ್ಲಿ ಬಹಳ ಪ್ರಾಮಾಣಿಕನಾದೆ. ಸುಳ್ಯದಿಂದ ಒಬ್ಬರು ಮಳೆಗಾಲಕ್ಕೆ ಮಾಂಸ ಮಾಡಿಡಲು ಅಂಥ ಪೆಟ್ಟಿಗೆ ತರಿಸಿಕೊಡಿ ಎಂದು ಬಂದಾಗ, ಬೇಡವೇ ಬೇಡ ಎಂದು ಅರ್ಧ ಗಂಟೆ ಬಿಡಿಸಿ ಹೇಳಿದೆ. ಅವರು ಸಂತೋಷದಿಂದ, ನಿಮ್ಮಂಥವರು ಈಗ ಸಿಗುವುದಿಲ್ಲ ಎಂದು ಹೋದರು. ಪಕ್ಕದಲ್ಲಿ ಸೌಮ್ಯ ಲೋಟಗಳನ್ನು ಒರೆಸುತ್ತಿದ್ದಳು. ಪೆಟ್ಟಿಗೆ ಯಾರ ಮನೆಗೆ ಹೋಯಿತು ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಏನಾಯಿತು ಎಂದು ಗೊತ್ತಿರಲಿಲ್ಲ. ನಿಮ್ಮ ಅಕ್ಕನದ್ದು ಹೇಗೆ ಉಂಟಣ್ಣ ಎಂದು ಸುಮ್ಮನೆ ಕೇಳಿದಳು. ಚೆನ್ನಾಗಿದೆ ಎಂದೆ. ಆ ಉತ್ತರಕ್ಕೂ ಅಭ್ಯಾಸ ಆಗಿಬಿಟ್ಟಿತ್ತು.

ಈ ವರ್ಷದ ಬೇಸಿಗೆಯ ಮೊದಲಿಗೆ ಹೇಮಾ ಪುತ್ತೂರಿಗೆ ಬಂದವಳು ನಮ್ಮ ಮನೆಗೂ ಬಂದಳು. ಅವಳಿಗೆ ಹೊಗೆ ಮಾಂಸ ಕಲಿಯಬೇಕಿತ್ತು. ಅತ್ತೆ ಹೇಳಿಕೊಡುವುದಿಲ್ಲ, ನಿಮಗಾದರೂ ಗೊತ್ತಾ ಮಾವ ಎಂದು ಕೇಳಿದಳು. ಯಾಕೆ ಹೇಳಿಕೊಡುವುದಿಲ್ಲ ಎಂದೆ.

"ಕೆಟ್ಟ ಕೈಯಿಂದ ಕಲಿತ್ರೆ ನಿನ್ನದೂ ಕೆಡ್ತದೆ ಅಂತಾರೆ. ಉಪ್ಪಿನಕಾಯಿ ಭರಣಿಯನ್ನೂ ಈಗ ನನ್ನತ್ರವೇ ತೆಗ್ಸುದು. ಅವರು ಮುಟ್ಟುದೇ ಇಲ್ಲ."

ಅಕ್ಕ ಹೊಗೆ ಮಾಂಸ ಒಂದನ್ನು ಬಿಟ್ಟಿದ್ದಾಳೆ ಎಂದು ನಾನು ಅಂದುಕೊಂಡಿದ್ದೆ. ಅವಳು ತನ್ನ ಮನೆಯ ಭರಣಿಗಳಿಗೇ ಹೆದರಿ ಕೂತಿದ್ದಳು. ಮಾರನೇ ದಿನ ಬೆಳಗಿನ ಬಸ್ಸಿಗೆ ಪಂಜಕ್ಕೆ ಹೋದೆ.

ಅಕ್ಕ ಹಿಂದಿನ ಚಾವಡಿಯಲ್ಲಿ ಹುಣಸೆ ಕುಟ್ಟುತ್ತಿದ್ದಳು. ಹೊಗೆ ಪೆಟ್ಟಿಗೆ ಅಲ್ಲೇ ಗೋಡೆಗೆ ತಾಗಿ ಇತ್ತು. ಬಾಗಿಲು ತೆಗೆದು, ಒಳಗೆ ಹುಲ್ಲು ಹಾಸಿ, ಒಂದು ಹೇಂಟೆ ಕಾವಿಗೆ ಕೂತಿತ್ತು. ಅದು ನನ್ನನ್ನು ನೋಡಿದ ರೀತಿಯಲ್ಲಿ ಆ ಪೆಟ್ಟಿಗೆಯ ಬಗ್ಗೆ ಅದಕ್ಕೆ ಯಾವ ದೂರೂ ಇದ್ದಂತೆ ಕಾಣಲಿಲ್ಲ. ಅಂತೂ ಅದಕ್ಕೆ ಸರಿಯಾದ ಗಿರಾಕಿ ಸಿಕ್ಕಿತ್ತು.

ಕುಡಿಯಲು ಏನೂ ಬೇಡ ಎಂದೆ. ಕೂತು, ಎಲ್ಲವನ್ನೂ ಹೇಳಿದೆ. ಅಂಗಡಿಯ ಮೂಲೆ, ಸಣ್ಣ ಧಣಿಯ ತಮಾಷೆ, ಪುಸ್ತಕ ಓದಿಸಿದ್ದು, ಫೋನಿನ ಮಾತು. ಅಕ್ಕ ಕುಟ್ಟುವುದನ್ನು ನಿಲ್ಲಿಸಲಿಲ್ಲ. ನಾನು ಮುಗಿಸಿದ ಮೇಲೆ ಬೀಜಗಳನ್ನು ಒಂದು ಕಡೆ ಸರಿಸಿ ಕೇಳಿದಳು.

"ಆ ಹುಡುಗಿ ಓದಿ ಹೇಳಿದ್ದು ಪೆಟ್ಟಿಗೆ ಇಲ್ಲಿಗೆ ಬರುವ ಮೊದಲಾ, ಆಮೇಲೆಯಾ?"

"ಮೊದಲು."

"ಒಳಗೆ ಮೆದು ಉಂಟು ಅಂತ ನಾನು ಕೇಳುವಾಗ ನಿನಗೆ ಗೊತ್ತಿತ್ತು."

"ಗೊತ್ತಿತ್ತು ಅಕ್ಕ."

ಅವಳು ತನ್ನ ಬಲಗೈ ಬೆರಳುಗಳನ್ನು ನೋಡಿಕೊಂಡಳು. ಹುಣಸೆಯ ನಾರು ಅಂಟಿತ್ತು. ಒಂದೊಂದಾಗಿ ಬಿಡಿಸಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರ ಆಗುತ್ತಿತ್ತು.

"ರಾತ್ರಿ ಮಲಗಿದ್ರೆ ಕೈಯನ್ನೇ ನೆನೆಯುದು ನಾನು," ಎಂದಳು. "ಉಪ್ಪು ಕಡಿಮೆ ಆಯ್ತಾ, ಕಲ್ಲು ಬೇಗ ತೆಗೆದೆನಾ ಅಂತ. ಅಪ್ಪನ ಎಲೆಗೆ ಬಡಿಸುದು ತಪ್ಪಿತಲ್ಲ ಅಂತ. ನೀನು ಒಂದು ಮಾತು ಹೇಳಿದ್ರೆ ನಾನು ಅಲ್ಲೇ ನಿನ್ನ ಕಿವಿ ಹಿಂಡಿ ಬಿಡ್ತಿದ್ದೆ. ಮುಗೀತಿತ್ತು."

ಅವಳು ಎದ್ದು ಹುಣಸೆಯನ್ನು ಒಳಗಿಟ್ಟು ಬಂದಳು. "ನಾನು ಜಗಲಿಯಲ್ಲಿ ಎಲ್ಲರ ಎದುರು ಹೇಳಿದ್ದು, ನೀನೂ ಅಲ್ಲೇ, ಅಷ್ಟು ಜನರ ಎದುರೇ ಹೇಳು," ಎಂದಳು. ಆಯಿತು ಎಂದೆ. ಈಗ ಕಲ್ಲು ತಾ ಎಂದಳು.

ಅರುವತ್ತು ದಾಟಿದವನು ಆ ದಿನ ತೋಟದ ಬದಿಯಿಂದ ಕೆಂಪು ಕಲ್ಲು ಹೊತ್ತೆ. ಅಕ್ಕ ಚಾವಡಿಯ ಇನ್ನೊಂದು ಮೂಲೆಯಲ್ಲಿ ಒಲೆ ಹೂಡಿದಳು. ಹೇಮಾ ಮಣ್ಣು ಕಲಸಿದಳು. ನಾನು ತಂದ ಕಲ್ಲುಗಳಲ್ಲಿ ಮೂರನ್ನು ಅಕ್ಕ ಬೇಡವೆಂದು ವಾಪಸು ಹೊರಿಸಿದಳು. ಅವು ಚೆನ್ನಾಗಿಯೇ ಇದ್ದವು. ಬೇರೆ ಮೂರು ಹೊತ್ತು ತಂದೆ. ಸರಿಗೆ ಕಟ್ಟುವಾಗ ಮಾತ್ರ ಅವಳು ಹೇಮಾಳ ಕೈ ಹಿಡಿದು, ಬೆಂಕಿಯ ಬಿಸಿ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂದು ಗಾಳಿಯಲ್ಲಿ ತೋರಿಸಿದಳು. ಕೈ ಸುಡಬಾರದು, ಆದರೆ ಬೆವರಬೇಕು, ಅಲ್ಲಿಗೆ ಕಟ್ಟು ಎಂದಳು. ಮೂವತ್ತನಾಲ್ಕು ವರ್ಷದಲ್ಲಿ ಯಾವ ಪುಸ್ತಕದಲ್ಲೂ ನಾನು ಅದನ್ನು ಕಂಡಿಲ್ಲ. ಹೊಸಬರು ಬರೆದುಕೊಳ್ಳಬಹುದು.

ಆ ಮೂರು ವಾರ ಅಕ್ಕ ನನಗೆ ಫೋನು ಮಾಡಲಿಲ್ಲ. ಹೇಮಾ ಮಾಡುತ್ತಿದ್ದಳು. ಅತ್ತೆ ದಿನಾ ಬೆಳಿಗ್ಗೆ ಎದ್ದು ಮಾಂಸವನ್ನು ಒತ್ತಿ ನೋಡುತ್ತಾರೆ, ಮೊದಲ ವಾರ ನನ್ನನ್ನೂ ಕರೆದು ಒತ್ತಿಸುತ್ತಿದ್ದರು, ಈಗ ಇಲ್ಲ ಎಂದಳು. ಟಕ್ ಎಂದ ದಿನ ಫೋನನ್ನು ಮಾಂಸದ ಹತ್ತಿರ ಹಿಡಿದು ನನಗೂ ಕೇಳಿಸಿದಳು. ಭರಣಿಗೆ ತುಂಬಿದ್ದು ಅಕ್ಕನೇ ಅಂತೆ.

ಈ ಆಟಿಯಲ್ಲಿ ನೆಂಟರು ಎಂದಿಗಿಂತ ಹೆಚ್ಚು ಬಂದರು. ಯಾರ ಬಾಯಿಂದಲೋ ಸುದ್ದಿ ಹೋಗಿತ್ತು. ಒಳಗೆ ಹಿರಿಯರಿಗೆ ಬಡಿಸಿ ಬಾಗಿಲು ಎಳೆದು ಕಾಯುವ ಹೊತ್ತಿಗೆ ಎಲ್ಲರೂ ಜಗಲಿಯಲ್ಲಿ ಕೂತರು. ಅಕ್ಕ ನನ್ನ ಕಡೆ ನೋಡಿದಳು. ನಾನು ಎದ್ದು ನಿಂತೆ. ನಿಲ್ಲುವುದು ನನಗೆ ಅಭ್ಯಾಸದ್ದು, ಆದರೆ ಎದುರು ಕೌಂಟರ್ ಇಲ್ಲದೆ ಕೈ ಎಲ್ಲಿಡುವುದು ಎಂದು ತಿಳಿಯಲಿಲ್ಲ. ಅಂದು ಕೆಟ್ಟದ್ದು ಅಕ್ಕನ ಕೈಯಿಂದ ಅಲ್ಲ, ಆ ಪೆಟ್ಟಿಗೆಯಲ್ಲಿ ಮಾಡಿದ್ದು ಉಳಿಯುವುದಿಲ್ಲ ಎಂದು ಗೊತ್ತಿದ್ದೇ ಕೊಟ್ಟೆ, ಅವಳು ಕೇಳಿದಾಗಲೂ ಸುಳ್ಳು ಹೇಳಿದೆ, ಎಂದೆ. ಸುಳ್ಯದಿಂದ ಬಂದಿದ್ದ ನೆಂಟ ವೆಂಕಪ್ಪ ಭಾವ, ಹಾಗಾದ್ರೆ ಮೂರು ವರ್ಷದ ಹೊಗೆ ಮಾಂಸ ನಮಗೆ ಇವನೇ ಕೊಡ್ಬೇಕಲ್ಲ ಎಂದರು. ನಗು ಎದ್ದಿತು. ಅಕ್ಕ ನಗಲಿಲ್ಲ.

ಎಲೆ ಹಾಕಿದರು. ಅಕ್ಕನೇ ಮಾಂಸದ ಪಾತ್ರೆ ಹಿಡಿದು ಬಡಿಸುತ್ತ ಬಂದಳು. ಆ ವಾಸನೆ ಹತ್ತಿರ ಬಂದಂತೆ ನಾನು ಎಲೆಯಲ್ಲಿ ಅನ್ನವನ್ನು ಬದಿಗೆ ಸರಿಸಿ ಜಾಗ ಮಾಡಿದೆ. ಅವಳು ನನ್ನ ಎಲೆಯ ಎದುರು ನಿಂತಳು, ಸೌಟು ಪಾತ್ರೆಯಲ್ಲೇ ಇತ್ತು, ಹಾಗೇ ಮುಂದೆ ಹೋದಳು. ಎರಡನೇ ಸಲ ಬಂದಾಗಲೂ ಹಾಗೇ. ನಾನು ಜಾಗ ಮಾಡಿದ್ದನ್ನು ಮೆಲ್ಲನೆ ಅನ್ನದಿಂದ ಮುಚ್ಚಿದೆ.

ಸಾಲಿನ ಕೊನೆಯಲ್ಲಿ ನಿಂತಿದ್ದ ಹೇಮಾಗೆ ಇದು ಕಂಡಿರಲಿಲ್ಲ. ಅವಳ ಕೈಯೂ ಸೇರಿದ ಮೊದಲ ಹೊಗೆ ಮಾಂಸ ಅದು. ಆಸೆಯಿಂದ, ಅಲ್ಲಿಂದಲೇ ಕೇಳಿದಳು.

"ಮಾವ, ಹೇಗೆ ಉಂಟು?"

ಎಲ್ಲರೂ ಮಾಂಸವಿಲ್ಲದ ನನ್ನ ಎಲೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತಿರುಗಿ ನಿಂತಳು.

"ಅವನತ್ರ ಕೇಳ್ಬೇಡ ಹೇಮಾ. ತಿನ್ನದಿದ್ರೂ ಚೆನ್ನಾಗಿದೆ ಅಂತಲೇ ಹೇಳುದು ಅವನು."

ಹಾಗೆ ಹೇಳಿ ಅವಳು ನಕ್ಕಳು, ಈ ವರ್ಷಗಳಲ್ಲಿ ಮೊದಲ ಸಲ, ಕೈಯಲ್ಲಿ ಪಾತ್ರೆ ಅಲುಗುವಷ್ಟು. ನಾನು ಸಾರು ಕಲಸಿಕೊಂಡು ಉಂಡೆ.